ಯಂತ್ರಕ್ಕೆ ಹೇಳದೆ ಎದ್ದು ಬಂದದ್ದು

ಬೀಗ ಹಾಕಿದ ಮೇಲೆ ಅದನ್ನು ಮೂರು ಸಲ ಜಗ್ಗಿ ನೋಡುವ ಅಭ್ಯಾಸ ನನಗಿದೆ. ಮೊದಲನೆಯ ಸಲ ಎಲ್ಲರೂ ಜಗ್ಗುತ್ತಾರೆ, ಅದು ಲೆಕ್ಕಕ್ಕಿಲ್ಲ. ಎರಡನೆಯದು ಬೀಗದ ಮೇಲಿನ ಅನುಮಾನಕ್ಕೆ. ಮೂರನೆಯದು, ಎರಡು ಸಲ ಜಗ್ಗಿದ್ದರಿಂದಲೇ ಅದು ಸಡಿಲವಾಗಿರಬಹುದು ಎಂಬ ಅನುಮಾನಕ್ಕೆ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಶಾರದೆ ಇದನ್ನು ಜಾಗರೂಕತೆ ಎಂದು ತಿಳಿದು ತವರಿಗೆ ಹೆಮ್ಮೆಯಿಂದ ಕಾಗದ ಬರೆದಿದ್ದಳಂತೆ. ಈಗ ಅದಕ್ಕೆ ಬೇರೆ ಹೆಸರಿಟ್ಟಿದ್ದಾಳೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಅನುಮಾನ ನನಗೆ ಪಿತ್ರಾರ್ಜಿತವಾಗಿ ಬಂದದ್ದು. ನನ್ನ ಅಪ್ಪ ಹಾಲಿನವನ ಎದುರಿಗೇ ಹಾಲಿಗೆ ಕಡ್ಡಿ ಅದ್ದಿ, ಎತ್ತಿ, ಅದರ ತುದಿಯಲ್ಲಿ ನಿಂತ ಹನಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಹಾಲಿನವರು ನಾಲ್ಕು ಜನ ಬದಲಾದರು, ಕಡ್ಡಿ ಬದಲಾಗಲಿಲ್ಲ. ನಾನು ಅವರಿಗಿಂತ ಒಂದು ಹೆಜ್ಜೆ ಮುಂದೆ. ಕೊಡೆಯ ಹಿಡಿಕೆಗೆ ಗುರುತಿಗೆಂದು ಕೆಂಪು ದಾರ ಸುತ್ತಿದೆ. ಆಮೇಲೆ, ಇನ್ಯಾರಾದರೂ ತಮ್ಮ ಕೊಡೆಗೂ ಕೆಂಪು ದಾರವನ್ನೇ ಸುತ್ತಿಕೊಂಡರೆ ಏನು ಗತಿ ಎಂದು ಯೋಚಿಸಿ, ಒಳಗಿನ ಕಡ್ಡಿಯೊಂದಕ್ಕೆ ಯಾರಿಗೂ ಕಾಣದ ಹಾಗೆ ಹಸಿರು ದಾರ ಸುತ್ತಿದೆ. ಹಸಿರು ದಾರದ ವಿಷಯ ನಾನು ಬಾಯಿಬಿಟ್ಟು ಹೇಳುತ್ತಿರುವುದು ಇದೇ ಮೊದಲು. ಆ ಕೊಡೆ ಈಗಿಲ್ಲ ಎಂಬ ಧೈರ್ಯದಿಂದ ಹೇಳಿದೆ.

ಇಂಥವನು ಕೂತಿದ್ದ ಕಚೇರಿಯನ್ನೇ ಹುಡುಕಿಕೊಂಡು, ಎಂಬತ್ತರ ದಶಕದ ಕೊನೆಯಲ್ಲಿ, ಸಾಗರಕ್ಕೆ ಯುನಿಕ್ಸ್ ಬಂತು.

ನಾನು ಆಗ ಒಂದು ಸಹಕಾರಿ ಸಂಘದಲ್ಲಿ ಹೆಡ್ ಗುಮಾಸ್ತ. ಸಂಘದ ಹೆಸರು ಬೇಡ. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕಿಗೂ ಅಡುಗೆ ಗ್ಯಾಸಿನ ಸಂಪರ್ಕ ಕೊಡುವ ಕೆಲಸ ನಮ್ಮದು, ಮುಖ್ಯ ಕಚೇರಿ ಸಾಗರದಲ್ಲಿ. ಗ್ಯಾಸು ಬೇಕೆಂದರೆ ಆ ಕಾಲದಲ್ಲಿ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಹೆಸರು ಬರೆಸಿದ ಹೊಸ ಸೊಸೆ ಒಲೆ ಊದುತ್ತಾ ಊದುತ್ತಾ ತಾನೇ ಅತ್ತೆಯಾದ ಉದಾಹರಣೆಗಳಿದ್ದವು. ಆ ಕಾಯುವವರ ಪಟ್ಟಿ ನನ್ನ ಸುಪರ್ದಿಯಲ್ಲಿತ್ತು. ಮದುವೆ ಮನೆಗಳಲ್ಲಿ ನನಗೆ ಎರಡನೆಯ ಸಲ ಹೋಳಿಗೆ ಬಡಿಸಿದವರನ್ನೆಲ್ಲ ನಾನು ಅನುಮಾನದಿಂದ ನೋಡುತ್ತಿದ್ದೆ. ಪಟ್ಟಿಯಲ್ಲಿ ಒಂದು ಹೆಸರು ಹಿಂದುಮುಂದಾದರೂ ಯಾವುದೋ ಅಡುಗೆಮನೆಯಲ್ಲಿ ಇನ್ನೊಂದು ವರ್ಷ ಹೊಗೆ ಏಳುತ್ತಿತ್ತು.

ಕಂಪ್ಯೂಟರ್ ಯಂತ್ರ ಹೊತ್ತು ತಂದ ಕಂಪೆನಿಯವರು ಮೂರು ದಿನ ಕೂರಿಸಿ ಪಾಠ ಹೇಳಿದರು. ನನಗೆ ತಿಳಿದದ್ದಿಷ್ಟು. ಕಬ್ಬಿಣದ ದೊಡ್ಡ ಪೆಟ್ಟಿಗೆ ಒಂದೇ, ಅದಕ್ಕೆ ತಂತಿ ಕಟ್ಟಿದ ಪರದೆಗಳು ಮೂರು. ಮೂರು ಜನ ಮೂರು ಕಡೆ ಕೂತು ಒಂದೇ ಪೆಟ್ಟಿಗೆಯ ತಲೆ ತಿನ್ನಬಹುದು. ಅಷ್ಟು ಜನರ ನಡುವೆ ಜಗಳವಾಗದಂತೆ ಒಳಗೆ ಕೂತು ಮನೆವಾರ್ತೆ ನೋಡಿಕೊಳ್ಳುವ ಆಪರೇಟಿಂಗ್ ಸಿಸ್ಟಮ್ಮಿನ ಹೆಸರು ಯುನಿಕ್ಸ್. ಅವಿಭಕ್ತ ಕುಟುಂಬದ ಯಜಮಾನನಿದ್ದ ಹಾಗೆ. ಯಾರ ಕಡತ ಯಾರು ತೆರೆಯಬಹುದು, ಯಾರು ನೋಡಬಹುದು ಆದರೆ ಮುಟ್ಟಬಾರದು, ಯಾರು ನೋಡಲೂ ಬಾರದು, ಎಲ್ಲಕ್ಕೂ ಕಟ್ಟಳೆ. ಗ್ಯಾಸಿನ ಪಟ್ಟಿಯನ್ನು ಎಲ್ಲರೂ ನೋಡಬಹುದು, ತಿದ್ದುವ ಅಧಿಕಾರ ನನ್ನೊಬ್ಬನಿಗೆ ಎಂದು ಬರೆದುಕೊಟ್ಟರು. ಇದನ್ನು ಮಾಡಿದವನು ಯಾರೋ, ಎಲ್ಲಿಯವನೋ, ಆದರೆ ನನ್ನ ಗೋತ್ರದವನೇ ಇರಬೇಕು ಅನ್ನಿಸಿತು.

ಅದರ ಮೊದಲ ಮಾತೇ ನನಗೆ ಹಿಡಿಸಿತು. ಬೆಳಿಗ್ಗೆ ಹೋಗಿ ಕೂತರೆ ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ‘ಲಾಗಿನ್’ ಎಂದು ಬರೆದಿರುತ್ತಿತ್ತು. ಅಂದರೆ, ಯಾರು ನೀನು? ಹೆಸರು ಹೇಳಿದರೆ ತಕ್ಷಣ ‘ಪಾಸ್‌ವರ್ಡ್’. ಅಂದರೆ, ನೀನೇ ಅವನೆಂದು ನಾನು ಹೇಗೆ ನಂಬಲಿ? ನಮಸ್ಕಾರವಿಲ್ಲ, ಕುಶಲವಿಲ್ಲ. ಪಾಸ್‌ವರ್ಡ್ ಹೊಡೆಯುವಾಗ ಅಕ್ಷರಗಳು ಪರದೆಯ ಮೇಲೆ ಮೂಡುತ್ತಲೂ ಇರಲಿಲ್ಲ, ಹಿಂದೆ ನಿಂತವರು ಓದಿಯಾರೆಂದು. ನಾನು ಇದನ್ನು ಇನ್ನಷ್ಟು ಭದ್ರಪಡಿಸಲು ಹೆಗಲ ಮೇಲಿನ ಬೈರಾಸವನ್ನು ಕೀಲಿಮಣೆಯ ಮೇಲೆ ಹೊದಿಸಿ ಅದರೊಳಗೆ ಕೈಯಿಟ್ಟು ಹೊಡೆಯುತ್ತಿದ್ದೆ. ಹಲವು ಸಲ ನನಗೇ ಅಕ್ಷರ ಸಿಗದೆ ಯಂತ್ರ ನನ್ನನ್ನು ಕಳ್ಳನೆಂದು ಹೊರಗೆ ಹಾಕುತ್ತಿತ್ತು. ನನಗೆ ಬೇಸರವಾಗುತ್ತಿರಲಿಲ್ಲ, ಗೌರವ ಹೆಚ್ಚುತ್ತಿತ್ತು.

ಆದರೆ ಅದರ ಒಂದು ಗುಣ ನನಗೆ ಕೊನೆಯವರೆಗೂ ಸರಿಬರಲಿಲ್ಲ. ಹೇಳಿದ ಕೆಲಸ ಮಾಡಿ ಮುಗಿಸಿದರೆ ಅದು ಮಾತೇ ಆಡುತ್ತಿರಲಿಲ್ಲ. ತಪ್ಪಾದರೆ ಮಾತ್ರ ಬೈಗುಳ. ಈ ಪಟ್ಟಿಯ ಒಂದು ನಕಲು ತೆಗೆದಿಡು ಎಂದು ಆಜ್ಞೆ ಕೊಟ್ಟರೆ, ಒಂದು ಗಳಿಗೆ ಸುಮ್ಮನಿದ್ದು ಮುಂದಿನ ಆಜ್ಞೆಗೆ ಕಾಯುತ್ತಾ ನಿಲ್ಲುತ್ತಿತ್ತು. ಮಾಡಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಮೌನವೇ ಸಮ್ಮತಿ ಎನ್ನುತ್ತಾರೆ. ಆ ಮಾತು ಮದುವೆಯ ಹುಡುಗಿಗೆ ಸರಿ, ಕಚೇರಿಗೆ ನಡೆಯುವುದಿಲ್ಲ. ನಾನು ಪ್ರತಿ ಆಜ್ಞೆಯನ್ನೂ ಎರಡು ಸಲ ಕೊಡುತ್ತಿದ್ದೆ. ಒಂದು ವಾರದಲ್ಲಿ ನಮ್ಮ ಪಟ್ಟಿಗೆ ಎಷ್ಟು ನಕಲುಗಳಾದವೆಂದರೆ, ಅಸಲು ಯಾವುದೆಂದು ಹುಡುಕುವುದೇ ಒಂದು ಉದ್ಯೋಗವಾಯಿತು.

ಪೆಟ್ಟಿಗೆಯನ್ನು ವಾರವೆಲ್ಲ ಆರಿಸುವಂತಿರಲಿಲ್ಲ, ಶನಿವಾರ ಮಾತ್ರ ಶಾಸ್ತ್ರೋಕ್ತವಾಗಿ ಮಲಗಿಸಬೇಕಿತ್ತು. ಜೋಗದಲ್ಲಿ ಹುಟ್ಟಿದ ಕರೆಂಟು ನಮ್ಮ ತಲೆಯ ಮೇಲಿಂದಲೇ ದೂರದೂರಿಗೆ ಹೋಗುತ್ತಿತ್ತು, ಸಾಗರದಲ್ಲಿ ಇಳಿಯುವುದನ್ನು ಮಾತ್ರ ಆಗಾಗ ಮರೆಯುತ್ತಿತ್ತು. ದೀಪದ ಬುಡದಲ್ಲಿ ಕತ್ತಲೆ. ಹಾಗಾಗಿ ಪೆಟ್ಟಿಗೆಯ ಪಕ್ಕದಲ್ಲಿ ಅದಕ್ಕಿಂತ ದೊಡ್ಡ ಬ್ಯಾಟರಿಗಳನ್ನು ಇಟ್ಟಿದ್ದರು. ಸಂಜೆ ನಾವು ಮಾಡಬೇಕಾದದ್ದು ಒಂದೇ ಕೆಲಸ. ಏಳುವಾಗ ‘ಎಕ್ಸಿಟ್’ ಎಂದು ಹೊಡೆದು ಎದ್ದು ಬರುವುದು.

ನನ್ನ ಕಥೆ ಸಿಕ್ಕಿಕೊಂಡಿದ್ದು ಇಲ್ಲಿ.

ನಮ್ಮ ಕಡೆ ಮನೆಯಿಂದ ಹೊರಡುವವರು ‘ಹೋಗ್ತೀನಿ’ ಎನ್ನುವುದಿಲ್ಲ, ‘ಬರ್ತೀನಿ’ ಎನ್ನುತ್ತಾರೆ. ನಿಮ್ಮ ಕಡೆಯೂ ಹಾಗೇ ಇರಬಹುದು, ಆದರೆ ನನ್ನ ಅಜ್ಜಿಯಷ್ಟು ಕಟ್ಟುನಿಟ್ಟಾಗಿ ಇರಲಿಕ್ಕಿಲ್ಲ. ಬಾಯಿತಪ್ಪಿ ‘ಹೋಗ್ತೀನಿ’ ಎಂದವರನ್ನು ಅಂಗಳದಿಂದ ಒಳಗೆ ಕರೆದು, ಮಣೆ ಹಾಕಿ ಕೂರಿಸಿ, ಬೆಲ್ಲ ನೀರು ಕೊಟ್ಟು, ‘ಬರ್ತೀನಿ’ ಅನ್ನಿಸಿಯೇ ಮತ್ತೆ ಕಳಿಸುತ್ತಿದ್ದಳು. ಬಸ್ಸು ತಪ್ಪಿದರೆ ತಪ್ಪಲಿ. ದೀಪ ಆರಿಸು ಎನ್ನದೆ ದೀಪ ದೊಡ್ಡದು ಮಾಡು ಎನ್ನುವ ಜನ ನಾವು. ಯಾರಿಗೆ ಹೆದರಿ ಹೀಗೆ ಹೇಳುತ್ತೇವೋ ಗೊತ್ತಿಲ್ಲ. ಯಾರೋ ಕಿವಿಗೊಟ್ಟು ಕೂತಿದ್ದಾರೆ, ಆಡಿದ ಮಾತನ್ನು ಹಾಗೇ ನಡೆಸಿಬಿಟ್ಟಾರು ಎಂಬ ಅನುಮಾನವಿರಬೇಕು. ಆ ದೃಷ್ಟಿಯಲ್ಲಿ ನಮ್ಮ ಊರೇ ನನ್ನ ಹಾಗೆ.

‘ಎಕ್ಸಿಟ್’ ಎಂದರೇನೆಂದು ನನಗೆ ಗೊತ್ತಿತ್ತು. ಆದರೂ ನಿಘಂಟು ತೆಗೆದು ನೋಡಿದೆ. ಹೊರಗೆ ಹೋಗುವುದು ಎಂದಿತ್ತು. ರಂಗದಿಂದ ನಿಷ್ಕ್ರಮಿಸುವುದು ಎಂದಿತ್ತು. ಮೂರನೆಯ ಅರ್ಥವೊಂದಿತ್ತು, ಅದನ್ನು ಓದಿ ನಿಘಂಟು ಮುಚ್ಚಿಟ್ಟೆ. ದಿನಾ ಸಂಜೆ ಐದೂಕಾಲಿಗೆ, ದೀಪ ಹಚ್ಚುವ ಹೊತ್ತು ಹತ್ತಿರವಾಗುತ್ತಿರುವಾಗ, ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ನಡೆಸುವ ಯಂತ್ರದ ಮುಂದೆ ಕೂತು, ನನ್ನ ಕೈಯಾರೆ ಆ ಮಾತು ಬರೆಯಬೇಕೇ? ನಾನು ಬರೆಯಲಿಲ್ಲ. ಪರದೆಯ ಬದಿಯಲ್ಲಿ ಬೆಳಕು ತಗ್ಗಿಸುವ ತಿರುಪು ಒಂದಿತ್ತು. ಅದನ್ನು ತಿರುಗಿಸಿದರೆ ಹಸಿರು ಅಕ್ಷರಗಳು ಮೆಲ್ಲಗೆ ಮಾಯವಾಗುತ್ತಿದ್ದವು. ಮನಸ್ಸಿನಲ್ಲೇ ‘ಬರ್ತೀನಿ’ ಎಂದುಕೊಂಡು, ಕೊಡೆ ತೆಗೆದುಕೊಂಡು, ಬಾಗಿಲಲ್ಲಿ ಕೆಂಪು ದಾರ ನೋಡಿಕೊಂಡು ಹೊರಡುತ್ತಿದ್ದೆ. ಪರದೆ ಕತ್ತಲಾದರೆ ಯಂತ್ರಕ್ಕೆ ತಿಳಿಯುತ್ತದೆ ಎಂದು ನನ್ನ ಎಣಿಕೆ.

ಮರುದಿನ ಬೆಳಿಗ್ಗೆ ಅದು ಮತ್ತೆ ಯಾರು ನೀನು ಎಂದು ಕೇಳುತ್ತಿತ್ತು, ನಾನು ಬೈರಾಸ ಹೊದಿಸುತ್ತಿದ್ದೆ. ಎರಡೇ ಎರಡು ಬೆಳಿಗ್ಗೆ ಮಾತ್ರ ತಿರುಪು ತಿರುಗಿಸಿದ ಕೂಡಲೇ ಏನೂ ಕೇಳದೆ ಒಳಗೆ ಬಿಟ್ಟುಕೊಂಡಿತು. ಅಂತೂ ಇದಕ್ಕೆ ನನ್ನ ಗುರುತು ಸಿಕ್ಕಿತು ಎಂದು ನನಗೆ ಒಳಗೊಳಗೇ ಸಂತೋಷವಾಯಿತು. ಮನೆಯಲ್ಲಿ ಶಾರದೆಗೂ ಹೇಳಿದೆ. ಜನ್ಮದಲ್ಲಿ ನಾನು ಅನುಮಾನಪಡಬೇಕಾಗಿದ್ದ ಎರಡು ಗಳಿಗೆಗಳೆಂದರೆ ಅವೇ. ಅವುಗಳನ್ನು ಬಿಟ್ಟು ಬೇರೆಲ್ಲವನ್ನೂ ಅನುಮಾನಿಸಿದೆ.

ಅಂಥ ಎರಡನೆಯ ಬೆಳಿಗ್ಗೆ ಒಂದು ಬುಧವಾರ. ಅಂದೇ ಮಧ್ಯಾಹ್ನ ಯಾರೋ ತಮ್ಮ ಸರದಿ ಕೇಳಲು ಬಂದರು. ಪಟ್ಟಿ ತೆರೆದು ನೋಡುತ್ತೇನೆ, ಎಲ್ಲೋ ಕೆಳಗಿದ್ದ ಒಂದು ಹೆಸರು ಮೇಲಿನ ಹತ್ತರೊಳಗೆ ಬಂದು ಕೂತಿದೆ. ಹಿನ್ನೀರಿನ ಆಚೆ ದಡದ ತುಮರಿ ಕಡೆಯ ಒಬ್ಬ ಹೆಂಗಸಿನ ಹೆಸರು. ಪಟ್ಟಿಯನ್ನು ತಿದ್ದಿದವರು ಯಾರೆಂದು ಯಂತ್ರವನ್ನು ಕೇಳಿದೆ. ಅದು ನನ್ನ ಹೆಸರನ್ನೇ ಹೇಳಿತು. ಎಷ್ಟು ಹೊತ್ತಿಗೆ ಎಂದು ನೋಡಿದೆ. ಹಿಂದಿನ ದಿನ, ಮಂಗಳವಾರ, ಸಂಜೆ ಐದು ಐವತ್ತು. ಆ ಹೊತ್ತಿಗೆ ನಾನು ಮನೆಯ ಜಗಲಿಯಲ್ಲಿ ಕೂತು, ತಂದ ಬಾಳೆಹಣ್ಣಿನ ಚಿಪ್ಪಿನಲ್ಲಿ ಹಣ್ಣು ಎಣಿಸುತ್ತಿದ್ದೆ.

ನನ್ನ ಹೆಸರು ಹಾಕಿಕೊಂಡು ಯಾರೋ ನನ್ನ ಪಟ್ಟಿಯೊಳಗೆ ಓಡಾಡಿದ್ದಾರೆ. ಯಾರು?

ನನ್ನ ಪಕ್ಕದ ಪರದೆಯ ಮುಂದೆ ಕೂರುತ್ತಿದ್ದವಳು ಪದ್ಮಾವತಿ. ತುಮರಿಯ ಜೈನರ ಮನೆಯ ಹೆಣ್ಣುಮಗಳು. ಸಾಗರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಮೂರು ವರ್ಷದಿಂದ ನಮ್ಮಲ್ಲಿ ಹಂಗಾಮಿ ಟೈಪಿಸ್ಟಾಗಿದ್ದಳು. ಬರುವ ಶನಿವಾರ ಆಡಳಿತ ಸಮಿತಿಯ ಸಭೆಯಲ್ಲಿ ಅವಳನ್ನು ಕಾಯಂ ಮಾಡುವ ವಿಷಯ ಬರುವುದಿತ್ತು. ಆಗದಿದ್ದರೆ ಮನೆಗೆ ಕಳಿಸುವುದು, ಮತ್ತೆ ಹಂಗಾಮಿ ಮುಂದುವರಿಸುವಂತಿಲ್ಲ ಎಂದು ಮೇಲಿನಿಂದ ಸುತ್ತೋಲೆ ಬಂದಿತ್ತು. ಕೆಲಸದಲ್ಲಿ ಅವಳಿಗೆ ಹೆಸರಿಡುವಂತಿರಲಿಲ್ಲ. ನನಗಿಂತ ಬೇಗ ಯಂತ್ರ ಕಲಿತಳು, ಅದೊಂದೇ ಅವಳ ತಪ್ಪು.

ಈಗ ನನ್ನ ತರ್ಕ ನೋಡಿ. ಮೇಲೆ ಬಂದ ಹೆಸರು ತುಮರಿಯದು, ಪದ್ಮಾವತಿಯೂ ತುಮರಿಯವಳು. ಇದು ಒಂದು. ಹದಿನೈದು ದಿನದ ಹಿಂದೆ ನಾನು ಕೊಡೆ ಮರೆತು ಬಸ್‌ಸ್ಟ್ಯಾಂಡಿನಿಂದ ವಾಪಸು ಬಂದಾಗ ಅವಳು ನನ್ನ ಕುರ್ಚಿಯ ಪಕ್ಕ ನಿಂತು ನನ್ನ ಕೀಲಿಮಣೆಯ ಮೇಲೆ ಕೈ ಇಟ್ಟಿದ್ದಳು. ನನ್ನನ್ನು ಕಂಡು ಬೆಚ್ಚಿ ಕೈ ತೆಗೆದಳು. ಇದು ಎರಡು. ಇನ್ನು ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಆ ಮಂಗಳವಾರ ಅವಳು ರಜೆಯಲ್ಲಿದ್ದಳು. ಸಾಧಾರಣ ಮನುಷ್ಯನಾದರೆ ಇದೇ ಅವಳಿಗೆ ರಕ್ಷೆ ಎನ್ನುತ್ತಿದ್ದ. ನಾನು ಹಾಗನ್ನಲಿಲ್ಲ. ಪಾಸ್‌ವರ್ಡ್ ಕದ್ದು, ಬೇರೆ ಯಾರಿಗೋ ಕೊಟ್ಟು, ತಾನು ರಜೆ ಹಾಕಿ ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿ ತುಮರಿಗೆ ಹೋಗಿ ಕೂತಿದ್ದಾಳೆ. ನಡುವೆ ಅಷ್ಟಗಲ ನೀರು ಇಟ್ಟುಕೊಂಡವಳ ಮೇಲೆ ಯಾರು ಅನುಮಾನ ಪಡುತ್ತಾರೆ? ಅದಕ್ಕೇ ನನಗೆ ಅನುಮಾನ.

ತರ್ಕಶಾಸ್ತ್ರ ಓದಿದವರು ಹೊಗೆ ಕಂಡಲ್ಲಿ ಬೆಂಕಿ ಇದೆಯೆಂದು ಊಹಿಸುತ್ತಾರೆ. ಅವರು ಸೌದೆ ಒಲೆಯ ಕಾಲದವರು. ಗ್ಯಾಸಿನ ಒಲೆಯಲ್ಲಿ ಹೊಗೆಯಿಲ್ಲದೆ ಬೆಂಕಿ ಇರುತ್ತದೆ. ನನ್ನಂಥವನ ತಲೆಯಲ್ಲಿ ಬೆಂಕಿಯಿಲ್ಲದೆ ಹೊಗೆ ಇರುತ್ತದೆ. ಈ ಎರಡನೆಯದರ ವಿಷಯ ಶಾಸ್ತ್ರದಲ್ಲಿ ಏನು ಹೇಳಿದೆಯೋ ನಾನು ಕಾಣೆ.

ಸಂಘದ ಕಾರ್ಯದರ್ಶಿ ಸುಬ್ರಾಯರಿಗೆ ಹೇಳಬಹುದಿತ್ತು. ಅವರು ಒಳಗಿನ ಕೋಣೆಯಲ್ಲೇ ಇದ್ದರು. ಆದರೆ ಅವರೂ ಇದರಲ್ಲಿ ಇದ್ದರೆ? ಅವರನ್ನು ದಾಟಿ ನೇರವಾಗಿ ತೀರ್ಥಹಳ್ಳಿಯಲ್ಲಿದ್ದ ನಮ್ಮ ಅಧ್ಯಕ್ಷರಾದ ಗೌಡರಿಗೇ ಕಾಗದ ಬರೆದೆ. ‘ಸದರಿ ಪದ್ಮಾವತಿಯ ನಡವಳಿಕೆ ಸಂಶಯಾಸ್ಪದವಾಗಿದ್ದು, ಕಾಯಂ ಮಾಡುವ ಮುನ್ನ ತಾವು ಪರಾಂಬರಿಸಬೇಕು’ ಎಂದು. ಲಕೋಟೆಗೆ ಅಂಟು ಹಚ್ಚಿ, ಅಂಟಿನ ಮೇಲೆ ನಂಬಿಕೆಯಿಲ್ಲದೆ ಐದು ಕಡೆ ಅರಗಿನ ಮುದ್ರೆ ಒತ್ತಿ, ಗುರುವಾರ ಬೆಳಿಗ್ಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ತೀರ್ಥಹಳ್ಳಿಗೆ ಅದು ಮರುದಿನ ಮುಟ್ಟುತ್ತದೆ, ಶನಿವಾರ ಸಭೆ.

ಗುರುವಾರ ಮಧ್ಯಾಹ್ನ ಕಂಪೆನಿಯ ಇಂಜಿನಿಯರ್ ಬಂದರು. ತಿಂಗಳಿಗೊಮ್ಮೆ ಯಂತ್ರದ ಆರೋಗ್ಯ ನೋಡಲು ಬರುತ್ತಿದ್ದ, ಹೆಚ್ಚು ಮಾತಾಡದ ಬೋಳುತಲೆಯ ಮನುಷ್ಯ. ಕಾಗದಕ್ಕೆ ಪುರಾವೆಯೂ ಇರಲಿ ಎಂದು ಅವರನ್ನು ಮೂಲೆಗೆ ಕರೆದು, ನನ್ನ ಹೆಸರಿನಲ್ಲಿ ಯಾರು ಯಾರು ಒಳಗೆ ಬಂದಿದ್ದಾರೆ, ಯಂತ್ರ ಬರೆದಿಟ್ಟುಕೊಂಡಿದೆಯೇ ಎಂದು ಕೇಳಿದೆ. ಬರೆದಿಟ್ಟುಕೊಂಡಿತ್ತು. ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು, ದಿನದಿನದ್ದೂ ಇತ್ತು. ಅವರು ಅದನ್ನು ಮುದ್ರಿಸಿ ನನ್ನ ಮುಂದೆ ಹರಡಿದರು.

“ನೀವು ದಿನಾ ಎಷ್ಟು ಗಂಟೆಗೆ ಹೊರಡ್ತೀರಿ?” ಎಂದು ಕೇಳಿದರು.

“ಐದೂಕಾಲು. ಹಾಜರಿ ಪುಸ್ತಕದಲ್ಲಿ ಸಹಿ ಇದೆ,” ಎಂದೆ.

“ಇದರಲ್ಲಿ ಐದೂವರೆ ಅಂತ ಇದೆ. ದಿನಾ. ನೀವು ಹೋದ ಮೇಲೆ ಯಾರೋ ಬಂದು ನಿಮ್ಮ ಬಾಗಿಲು ಹಾಕಿದಾರೆ. ಎರಡು ದಿನ ಮಾತ್ರ ಹಾಕಿಲ್ಲ, ರಾತ್ರಿಯೆಲ್ಲ ತೆರೆದೇ ಇದೆ. ನೀವು ಎಕ್ಸಿಟ್ ಹೊಡೆಯೋದಿಲ್ವಾ?”

ನಾನು ತಿರುಪಿನ ವಿಷಯ ಹೇಳಿದೆ. ಅವರು ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ತಿರುಪು ತಿರುಗಿಸಿದರೆ ಪರದೆ ಕಪ್ಪಾಗುತ್ತದೆ ಅಷ್ಟೇ, ಒಳಗೆ ನೀವು ಕೂತೇ ಇರುತ್ತೀರಿ, ಯಾರು ಬಂದು ಆ ಕುರ್ಚಿಯಲ್ಲಿ ಕೂತರೂ ಯಂತ್ರದ ಪಾಲಿಗೆ ಅವರು ನೀವೇ ಎಂದು ಮೆಲ್ಲಗೆ ವಿವರಿಸಿದರು. ಆಮೇಲೆ ಬಾಗಿಲು ಹಾಕದ ಎರಡು ತಾರೀಕಿನ ಮೇಲೆ ಬೆರಳಿಟ್ಟು, ಈ ಎರಡು ದಿನ ಕಚೇರಿಗೆ ಬರದೆ ಇದ್ದವರು ಯಾರು, ನೋಡಿ ಎಂದರು.

ಹಾಜರಿ ಪುಸ್ತಕ ತೆಗೆಯುವ ಅಗತ್ಯವಿರಲಿಲ್ಲ. ಆದರೂ ತೆಗೆದೆ, ಅಭ್ಯಾಸ. ಎರಡೂ ದಿನ ಒಂದೇ ಹೆಸರಿನ ಮುಂದೆ ರಜೆಯ ಗುರುತಿತ್ತು. ಪದ್ಮಾವತಿ.

ಅಷ್ಟರಲ್ಲಿ ಕಾಫಿಗೆಂದು ಹೊರಗೆ ಬಂದ ಸುಬ್ರಾಯರು ನಮ್ಮ ಮಾತು ಕೇಳಿಸಿಕೊಂಡು, “ಮಂಗಳವಾರ ಸಂಜೆಯದ್ದಾ? ಅದು ನಾನೇ ಮಾರಾಯ್ರೇ,” ಎಂದರು. “ಪಟ್ಟಿ ನೋಡ್ವ ಅಂತ ನಿಮ್ಮ ಕುರ್ಚಿಲಿ ಕೂತೆ. ತಿರುಪು ತಿರುಗಿಸಿದ್ರೆ ಪಟ್ಟಿ ಎದುರಿಗೇ ಇತ್ತು. ಆ ತುಮರಿಯಮ್ಮಂಗೆ ಉಬ್ಬಸ. ಹೊಗೆ ಕುಡಿದ್ರೆ ಉಳಿಯಲ್ಲ ಅಂತ ಡಾಕ್ಟ್ರು ಕಾಗದ ಕೊಟ್ಟಿದಾರೆ, ನನ್ನ ಡ್ರಾಯರಲ್ಲಿದೆ. ಶನಿವಾರ ಸಮಿತಿ ಮುಂದೆ ಇಡೋದೇ. ನಿಮಗೆ ಹೇಳ್ಬೇಕು ಅಂದ್ಕೊಂಡು ಮರ್ತೇ ಹೋಯ್ತು. ನೀವಾದ್ರೂ ಒಂದು ಮಾತು ಕೇಳ್ಬಹುದಿತ್ತಲ್ಲ?”

ಕೇಳಬಹುದಿತ್ತು. ಹತ್ತು ಹೆಜ್ಜೆ ನಡೆದು ಅವರ ಕೋಣೆಯ ಬಾಗಿಲಲ್ಲಿ ನಿಂತು ಒಂದು ಮಾತು ಕೇಳಬಹುದಿತ್ತು. ಅದರ ಬದಲು ಐದು ಅರಗಿನ ಮುದ್ರೆ ಒತ್ತಿದೆ. ಆ ಕ್ಷಣ ನನಗೆ ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು. ಆ ಕಾಗದ ಅಂಚೆ ಚೀಲದೊಳಗೆ ಕೂತು ತೀರ್ಥಹಳ್ಳಿಯ ಕಡೆಗೆ ಹೋಗುತ್ತಿತ್ತು. ದಿನಾ ಸಂಜೆ ನಾನು ಹಾಕದೆ ಬಂದ ಬಾಗಿಲನ್ನು ಹಾಕುತ್ತಿದ್ದವಳ ಅನ್ನ ಅದರೊಳಗಿತ್ತು.

ಶುಕ್ರವಾರ ರಜೆ ಹಾಕಿ, ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಮೊದಲ ಬಸ್ಸು ಹತ್ತಿದೆ. ಹೊಸನಗರದಲ್ಲಿ ಬಸ್ಸು ಹದಿನೈದು ನಿಮಿಷ ನಿಂತಿತು. ಎಲ್ಲರೂ ಇಳಿದು ಚಾ ಕುಡಿದರು. ಆ ಹೋಟೆಲಿನ ಲೋಟಗಳ ಮೇಲೆ ನನಗೆ ಅನುಮಾನವಿದ್ದುದರಿಂದ ನಾನು ಸೀಟಿನಲ್ಲೇ ಕೂತೆ. ಗೌಡರ ಮನೆ ಮುಟ್ಟಿದಾಗ ಅವರ ಹೆಂಡತಿ ಹೊರಗೆ ಬಂದರು.

“ಅವ್ರು ಇಲ್ಲ. ಬೆಳಿಗ್ಗೆ ಎದ್ದವ್ರೇ ಹೊಸನಗರದ ಬ್ರ್ಯಾಂಚಿಗೆ ಹೋದ್ರು. ನೀವು ಬಂದ ದಾರೀಲೇ ಇದ್ರಲ್ಲ,” ಎಂದರು. ಅಂಚೆಯವನು ಬಂದಿದ್ದನೇ ಎಂದು ಕೇಳಿದೆ. “ಅವ್ರು ಹೋಗ್ತಾ ಪೋಸ್ಟಾಫೀಸಿನ ಹತ್ರಾನೇ ಟಪಾಲು ತಗಂಡು ಹೋಗ್ತಾರೆ. ಬಿಸಿಲಲ್ಲಿ ಬಂದಿದೀರಿ, ಕಾಫಿ ಕುಡ್ಕಂಡು ಹೋಗಿ.”

ಕಾಫಿ ಕುಡಿದೆ. ಬಿಡುವಂತಿರಲಿಲ್ಲ. “ಬರ್ತೀನಿ ಅಮ್ಮ,” ಎಂದೆ. “ಹೋಗ್ಬನ್ನಿ,” ಎಂದರು. ವಾಪಸು ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಟಪಾಲು ಗೌಡರ ಕೈ ಸೇರಿ ನಾಲ್ಕು ಗಂಟೆಯಾಗಿದೆ. ಒಂದು ಕಾಗದ ಓದಲು ನಾಲ್ಕು ನಿಮಿಷ ಸಾಕು.

ಹೊಸನಗರದ ನಮ್ಮ ಶಾಖೆ ನಾನು ಬೆಳಿಗ್ಗೆ ಅನುಮಾನಿಸಿದ ಹೋಟೆಲಿನ ಎದುರಿಗೇ ಇತ್ತು. ಗೌಡರು ಒಳಗೆ ಕೂತು ಅದೇ ಹೋಟೆಲಿನ ಚಾ ಕುಡಿಯುತ್ತಿದ್ದರು. ಎಪ್ಪತ್ತರ ಹತ್ತಿರದ ದೊಡ್ಡ ಮನುಷ್ಯ, ಅವಸರವೆಂಬುದನ್ನು ಅರಿಯದವರು. ಮೇಜಿನ ಮೇಲೆ, ಅವರ ಕನ್ನಡಕದ ಪಕ್ಕದಲ್ಲಿ ನನ್ನ ಲಕೋಟೆ ಇತ್ತು. ಐದೂ ಮುದ್ರೆಗಳು ಒತ್ತಿದ ಹಾಗೇ ಇದ್ದವು. ನಾನು ಬಾಗಿಲಲ್ಲೇ ನಿಂತು ಅವನ್ನು ಎಣಿಸಿದೆ.

“ಬಂದ್ರಾ ರಾಯ್ರೇ? ಕೂತ್ಕಳಿ. ಬೆಳಿಗ್ಗೆ ಬಸ್ಸಲ್ಲಿ ಕೂತಿದ್ರಿ, ಕಂಡೆ. ಕೈ ಬೀಸಿದೆ, ನೀವು ನೋಡ್ಲಿಲ್ಲ.”

ನಾನು ಕೂರದೆ, “ಗೌಡರೇ, ಆ ಕಾಗದ…” ಎಂದೆ.

ಅವರು ಲಕೋಟೆಯನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದರು. “ಇಷ್ಟು ಅರಗು ನೋಡಿ ನಂಗೆ ಅನುಮಾನ ಬಂತು. ಇಷ್ಟೊಂದು ಹೆದರಿ ಕಳಿಸಿದ ಕಾಗದ, ಕಳಿಸಿದವ್ರೇ ವಾಪಸ್ ಕೇಳ್ಕಂಡು ಬಂದ್ರೂ ಬರ್ಬಹುದು, ಸಂಜೆ ತನಕ ನೋಡ್ವ ಅಂತ ಇಟ್ಟೆ. ತಗಳಿ.” ಲಕೋಟೆ ನನ್ನ ಕೈಗೆ ಕೊಟ್ಟರು, ಒಳಗೇನಿದೆ ಎಂದು ಅವರು ಕೇಳಲೇ ಇಲ್ಲ. ನನಗೊಂದು ಚಾ ತರಿಸಿದರು. ಲೋಟವನ್ನು ನೋಡದೆ ಕುಡಿದೆ. ಒಳ್ಳೆಯ ಚಾ.

ಅನುಮಾನವೂ ಎರಡು ಬಗೆ ಇರಬೇಕು. ಗೌಡರದು ಕಾಯುವ ಅನುಮಾನ. ನನ್ನದು ಕಾಯಲಾರದ್ದು, ಕೂಡಲೇ ಅರಗು ಕರಗಿಸಲು ಹೊರಡುವಂಥದ್ದು. ಲಕೋಟೆಯ ಮೇಲಿನ ಅವರ ಅನುಮಾನ ಒಬ್ಬಳ ಕೆಲಸ ಉಳಿಸಿತು.

ಶನಿವಾರದ ಸಭೆಯಲ್ಲಿ ಪದ್ಮಾವತಿ ಕಾಯಂ ಆದಳು. ಸುಬ್ರಾಯರು ಡಾಕ್ಟರ ಕಾಗದವನ್ನು ಸಮಿತಿಯ ಮುಂದೆ ಇಟ್ಟು ತುಮರಿಯ ಆಕೆಯ ಹೆಸರನ್ನು ಮೇಲೆಯೇ ಉಳಿಸಿಕೊಂಡರು. ಸಭೆ ಮುಗಿದು ಎಲ್ಲರೂ ಪೇಡೆ ತಿಂದು ಹೋದ ಮೇಲೆ ಕಚೇರಿಯಲ್ಲಿ ನಾವಿಬ್ಬರೇ ಉಳಿದೆವು. ಲಕೋಟೆ ನನ್ನ ಕೋಟಿನ ಒಳಜೇಬಿನಲ್ಲಿತ್ತು. ಸುಟ್ಟುಹಾಕಿ ಸುಮ್ಮನಿರಬಹುದಿತ್ತು, ಯಾರಿಗೂ ಗೊತ್ತಿರಲಿಲ್ಲ. ಸುಮ್ಮನಿರಲು ಆಗಲಿಲ್ಲ. ಅದನ್ನು ತೆಗೆದು ಅವಳ ಮೇಜಿನ ಮೇಲಿಟ್ಟೆ.

“ಪದ್ಮಾವತಿ, ಇದರಲ್ಲಿ ನಿನ್ನ ವಿಷಯ ಬರೆದಿದ್ದೆ. ತಪ್ಪು ಬರೆದಿದ್ದೆ,” ಎಂದೆ.

ಅವಳು ಲಕೋಟೆಯನ್ನು ಮುಟ್ಟಲಿಲ್ಲ. “ಗೊತ್ತಿತ್ತು ಸಾರ್. ರಿಜಿಸ್ಟರ್ ರಸೀದಿ ಔಟ್‌ವರ್ಡ್ ಪುಸ್ತಕಕ್ಕೆ ಹಚ್ಚೋದು ನಾನೇ ಅಲ್ವಾ? ಗೌಡ್ರಿಗೆ ಅಂತ ಇತ್ತು, ಫೈಲಲ್ಲಿ ನಕಲು ಇರ್ಲಿಲ್ಲ. ಸಭೆಗೆ ಎರ್ಡು ದಿನ ಇತ್ತು. ಎಂತ ಅಂತ ಅಂದಾಜಾಯ್ತು.”

“ಗುರುವಾರವೇ ಗೊತ್ತಿತ್ತೇ?” ಎಂದು ಕೇಳಿದೆ. ಹೌದೆಂದು ತಲೆಯಾಡಿಸಿದಳು. ಇಂಜಿನಿಯರ್ ಗುರುವಾರ ಅಷ್ಟು ವಿವರಿಸಿ ಹೋದ ಮೇಲೂ, ಆ ಸಂಜೆ ಅಂಚೆಯ ಹಿಂದೆ ಓಡುವ ಗಾಬರಿಯಲ್ಲಿ ನಾನು ಬರಿಯ ತಿರುಪು ತಿರುಗಿಸಿಯೇ ಮನೆಗೆ ಹೋಗಿದ್ದೆ. ಶುಕ್ರವಾರ ನಾನಿರಲಿಲ್ಲ. ಆದರೆ ಶನಿವಾರ ಬೆಳಿಗ್ಗೆ ಯಂತ್ರ ಎಂದಿನಂತೆ ನನ್ನ ಹೆಸರು ಕೇಳಿತ್ತು.

“ಹಾಗಾದರೆ ಗುರುವಾರ ಸಂಜೆಯೂ…”

“ಹಾಕಿದೆ ಸಾರ್. ತೆರೆದಿಟ್ಟು ಹೋಗೋಕೆ ಮನಸ್ಸು ಬರ್ಲಿಲ್ಲ. ಯಾರಾದ್ರೂ ಎಂತಾದ್ರೂ ಮಾಡಿದ್ರೆ ನಿಮ್ಮ ಹೆಸರು ಬರ್ತದಲ್ಲ.” ಮತ್ತೆ ಹೇಳಿದಳು, “ಮೊದಲ್ನೇ ವಾರ ನಿಮಗೆ ಹೇಳಿದ್ದೆ ಸಾರ್, ಎಕ್ಸಿಟ್ ಹೊಡೀಬೇಕು ಅಂತ. ‘ನನಗೆ ಹೇಳಿಕೊಡ್ತೀಯಾ’ ಅಂದ್ರಿ. ಆಮೇಲೆ ನಾನೇ ಹೊಡೀತಿದ್ದೆ.”

ನಾನು ತಪ್ಪಾಯಿತು ಎಂದೆ. ಆ ಮಾತನ್ನು ನಾನು ಎರಡು ಸಲ ಹೇಳಿದೆ. ಅವಳು ಏನೂ ಹೇಳಲಿಲ್ಲ. ಮೌನದ ಅರ್ಥವೇನೆಂದು ಅಂದು ನಾನು ಅನುಮಾನಿಸಲಿಲ್ಲ.

“ಎಕ್ಸಿಟ್ ಯಾಕೆ ಹೊಡೆಯಲ್ಲ ಸಾರ್ ನೀವು?” ಎಂದು ಆಮೇಲೆ ಕೇಳಿದಳು. ಅಜ್ಜಿಯ ಕಥೆ ಹೇಳಿದೆ, ಬೆಲ್ಲ ನೀರಿನ ಸಮೇತ. ನಿಘಂಟಿನ ಮೂರನೆಯ ಅರ್ಥವನ್ನೂ ಹೇಳಿದೆ. ಅವಳು ನಗದೆ ಕೇಳಿ, “ಒಂದ್ಸಲ ಹೊಡೀರಿ. ನಾನಿದೀನಿ,” ಎಂದಳು.

ಕೂತೆ. ಬೈರಾಸ ಹೊದಿಸದೆ, ಒಂದೊಂದೇ ಅಕ್ಷರ ಹುಡುಕಿ ಹೊಡೆದೆ. ಪರದೆಯ ಮೇಲಿದ್ದುದೆಲ್ಲ ಅಳಿಸಿಹೋಯಿತು. ಅದು ಎಂದಿನಂತೆ ಒಂದು ಗಳಿಗೆ ಸುಮ್ಮನಿತ್ತು. ಆಮೇಲೆ ಹಸಿರು ಅಕ್ಷರದಲ್ಲಿ ಮತ್ತೆ ಬರೆಯಿತು, ‘ಲಾಗಿನ್’.

ವರ್ಷದಿಂದ ಬೆಳಿಗ್ಗೆ ಮಾತ್ರ ನೋಡಿದ್ದ ಮಾತು ಅದು. ಪೊಲೀಸಿನವನ ಪ್ರಶ್ನೆ ಎಂದೇ ತಿಳಿದಿದ್ದೆ. ಸಂಜೆ, ಎದ್ದು ಹೊರಟವನ ಬೆನ್ನಿಗೆ ಅದು ಹೀಗೆ ಬಾಗಿಲಲ್ಲಿ ನಿಂತಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಗೊತ್ತಾಗುವುದಾದರೂ ಹೇಗೆ, ನಾನು ಒಮ್ಮೆಯೂ ಹೇಳಿ ಹೊರಟವನಲ್ಲ.

“ನೋಡಿ ಸಾರ್,” ಎಂದಳು ಪದ್ಮಾವತಿ. “ಹೋಗ್ತೀನಿ ಅಂದ್ರೂ ಅದು ಹೋಗಿ ಅನ್ನಲ್ಲ. ಬನ್ನಿ, ಯಾರು ಬಂದ್ರಿ ಅಂತ ಕೇಳ್ತದೆ.”

ನಾನು ಎದ್ದು ಕೊಡೆ ತೆಗೆದುಕೊಂಡೆ. “ಬರ್ತೀನಿ ಪದ್ಮಾವತಿ,” ಎಂದೆ, ಮನಸ್ಸಿನಲ್ಲಲ್ಲ, ಬಾಯಿಬಿಟ್ಟು. ಅವಳು ಲಕೋಟೆಯನ್ನು ನನ್ನ ಕಡೆ ಸರಿಸಿ, “ಹೋಗ್ಬನ್ನಿ ಸಾರ್,” ಎಂದಳು.

ಬಸ್‌ಸ್ಟ್ಯಾಂಡು ಮುಟ್ಟಿದ ಮೇಲೆ ನೆನಪಾಯಿತು, ಅಂದು ಬಾಗಿಲಲ್ಲಿ ನಿಂತು ಕೆಂಪು ದಾರ ನೋಡಿರಲಿಲ್ಲ. ನೋಡಿದೆ. ಕೊಡೆ ನನ್ನದಲ್ಲ, ಸುಬ್ರಾಯರದು.